ಗೇರ್‌ಬಾಕ್ಸ್ ಇಳಿಸಿದಾಗ ಏಳುವ ಪ್ರಶ್ನೆ: ಫ್ಲೈವೀಲ್ ಹಗುರವಾಗಬೇಕೇ?

ಗೆಳೆಯನ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಲಿಫ್ಟ್ ಮೇಲೆ ನಿಂತಿತ್ತು. 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಸಿಲಿಂಡರಿಗೆ ಐದರಂತೆ 20 ವಾಲ್ವ್, 150 ಅಶ್ವಶಕ್ತಿ. ವಯಸ್ಸಾದರೂ ಕೊಂಡವರು ಕೈಬಿಡಲು ಒಪ್ಪದ ಕಾರು ಅದು. ಕ್ಲಚ್ ಸವೆದು ಜಾರತೊಡಗಿತ್ತು. ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಬಿಚ್ಚಿ, ಎಂಜಿನ್ನಿನ ತುದಿಯಲ್ಲಿ ಕಾಣಿಸಿದ ಊಟದ ತಟ್ಟೆಯಗಲದ ಚಕ್ರವನ್ನು, ಅಂದರೆ ಫ್ಲೈವೀಲನ್ನು, ಎರಡೂ ಕೈಯಲ್ಲಿ ಹಿಡಿದು ಅತ್ತಿತ್ತ ಅಲುಗಿಸಿದರು. ಒಳಗೆ ಏನೋ ಲಟಕ್ಕೆಂದಿತು.

“ಇದೂ ಹೋಗಿದೆ ಸಾರ್. ಕಂಪನಿಯದೇ ಹಾಕಲೋ, ಲೈಟ್‌ವೇಟ್ ಹಾಕಲೋ? ಹೇಗೂ ಗೇರ್‌ಬಾಕ್ಸ್ ಇಳಿದಿದೆ.”

ವೇಗದ ಕಾರು ಇಟ್ಟುಕೊಂಡವರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ, ಅದೂ ಉತ್ತರಕ್ಕೆ ಅರ್ಧ ಗಂಟೆಯ ಸಮಯವಿದ್ದಾಗ. ಫ್ಲೈವೀಲ್ ತಲುಪಲು ಗೇರ್‌ಬಾಕ್ಸ್ ಇಳಿಸಲೇಬೇಕು. ಆ ಕೂಲಿಯೇ ದೊಡ್ಡದು. ಆದ್ದರಿಂದ ಕ್ಲಚ್ ಬದಲಿಸುವ ದಿನವೇ ಫ್ಲೈವೀಲಿನ ತೀರ್ಮಾನವೂ ಆಗಿಬಿಡುತ್ತದೆ. “ಹಗುರವಾದಷ್ಟೂ ಒಳ್ಳೆಯದು” ಎಂಬ ಮಾತು ಅರ್ಧ ಸತ್ಯ. ಉಳಿದರ್ಧ ಗೊತ್ತಾಗಬೇಕಾದರೆ ಆ ಚಕ್ರ ಅಲ್ಲಿ ಏಕಿದೆ ಎಂಬಲ್ಲಿಂದ ಆರಂಭಿಸಬೇಕು.

ಕುಂಬಾರನ ತಿಗುರಿಯೇ ಮೊದಲ ಪಾಠ

ಕುಂಬಾರ ತಿಗುರಿಯನ್ನು ಕೋಲಿನಿಂದ ನಾಲ್ಕು ಸುತ್ತು ಜೋರಾಗಿ ತಿರುಗಿಸಿ ಕೋಲನ್ನು ಬದಿಗಿಡುತ್ತಾನೆ. ಆಮೇಲೆ ಎರಡೂ ಕೈ ಮಣ್ಣಿನ ಮೇಲೆ. ಚಕ್ರ ಮಾತ್ರ ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ, ಮಣ್ಣು ಒತ್ತಿದರೂ ಗಕ್ಕನೆ ನಿಲ್ಲುವುದಿಲ್ಲ. ಭಾರವಾದ ಚಕ್ರ ಕೋಲಿನ ಹೊಡೆತಗಳನ್ನು ಒಳಗೆ ಕೂಡಿಟ್ಟುಕೊಂಡು ನಿಧಾನವಾಗಿ ಖರ್ಚು ಮಾಡುತ್ತದೆ. ರಸ್ತೆ ಬದಿಯ ಕಬ್ಬಿನ ಹಾಲಿನ ಯಂತ್ರದ ದೊಡ್ಡ ಗಾಲಿ, ಹೊಲದ ಹಳೆಯ ಡೀಸೆಲ್ ಪಂಪ್‌ಸೆಟ್ಟಿನ ಪಕ್ಕದ ಕಬ್ಬಿಣದ ಚಕ್ರ, ಹೊಲಿಗೆ ಯಂತ್ರದ ಗಾಲಿ, ಎಲ್ಲವೂ ಇದೇ ಜಾತಿ.

ಕಾರಿನ ಎಂಜಿನ್ನಿಗೆ ಇದು ಏಕೆ ಬೇಕು? ಎಂಜಿನ್ ಒಂದೇ ಸಮನೆ ತಳ್ಳುವುದಿಲ್ಲ, ಗುದ್ದುತ್ತದೆ. ಪಿಸ್ಟನ್‌ಗಳ ಮೇಲೆ-ಕೆಳಗಿನ ಚಲನೆಯನ್ನು ಸುತ್ತುವ ಚಲನೆಯಾಗಿ ಬದಲಿಸುವ ದಂಡಕ್ಕೆ ಕ್ರ್ಯಾಂಕ್‌ಶಾಫ್ಟ್ ಎಂದು ಹೆಸರು. ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಈ ದಂಡ ಅರ್ಧ ಸುತ್ತು ತಿರುಗಿದಾಗಲೊಮ್ಮೆ ಯಾವುದಾದರೂ ಒಂದು ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಳ್ಳುತ್ತದೆ. ಕಾರು ನಿಂತಲ್ಲೇ ಚಾಲೂ ಇರುವಾಗ, ಅಂದರೆ ನಿಮಿಷಕ್ಕೆ ಸುಮಾರು 800 ಸುತ್ತಿನ ಐಡ್ಲಿಂಗ್‌ನಲ್ಲಿ, ಸೆಕೆಂಡಿಗೆ ಸುಮಾರು 27 ಗುದ್ದು. ಒಂದು ಗುದ್ದಿಗೂ ಇನ್ನೊಂದಕ್ಕೂ ನಡುವೆ ಎಂಜಿನ್ ಗಾಳಿಯನ್ನು ಹಿಂಡುವ ಕೆಲಸವನ್ನೂ ಮಾಡಬೇಕು. ಅದಕ್ಕೆ ಶಕ್ತಿ ಹೋಗುತ್ತದೆ. ಆ ನಡುವಿನ ಹೊತ್ತನ್ನು ದಾಟಿಸುವುದು ಕ್ರ್ಯಾಂಕ್‌ಶಾಫ್ಟಿನ ತುದಿಗೆ ಬೋಲ್ಟು ಹಾಕಿ ಕೂರಿಸಿದ ಫ್ಲೈವೀಲ್.

ಅದಕ್ಕೆ ಬೇರೆ ಎರಡು ಕೆಲಸಗಳೂ ಇವೆ. ಅದರ ಅಂಚಿನ ಸುತ್ತ ಇರುವ ಹಲ್ಲಿನ ಬಳೆ ರಿಂಗ್ ಗೇರ್. ಕೀ ತಿರುಗಿಸಿದಾಗ ಸ್ಟಾರ್ಟರ್ ಮೋಟರ್ ಈ ಹಲ್ಲುಗಳನ್ನು ಕಚ್ಚಿ ಎಂಜಿನ್ನನ್ನು ಎಬ್ಬಿಸುತ್ತದೆ. ಅದರ ಮುಖ ನುಣುಪಾಗಿದ್ದು, ಕ್ಲಚ್ ಪ್ಲೇಟ್ ಬಂದು ಒತ್ತಿಕೊಳ್ಳುವುದು ಅದರ ಮೇಲೆಯೇ. ಕ್ಲಚ್ ಬಿಡುವಾಗ ಆಗುವ ಉಜ್ಜಾಟದ ಬಿಸಿಯಲ್ಲಿ ದೊಡ್ಡ ಪಾಲನ್ನು ಈ ಮುಖ ನುಂಗುತ್ತದೆ. ಈ ಕೊನೆಯ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಅಕ್ಕಿ ಮೂಟೆಯ ಲೆಕ್ಕ

ತಿರುಗುವ ಚಕ್ರದಲ್ಲಿ ಎಷ್ಟು ಶಕ್ತಿ ಕೂಡಿರುತ್ತದೆ? ಲೆಕ್ಕಕ್ಕಾಗಿ 8 ಕೆಜಿ ತೂಗುವ, 28 ಸೆಂಟಿಮೀಟರ್ ಅಡ್ಡಗಲದ, ಎಲ್ಲೆಡೆ ಒಂದೇ ದಪ್ಪದ ಚಕ್ರವೊಂದನ್ನು ಇಟ್ಟುಕೊಳ್ಳೋಣ. ನಿಮಿಷಕ್ಕೆ 6,000 ಸುತ್ತಿನಲ್ಲಿ ಅದರೊಳಗೆ ಸುಮಾರು 15,500 ಜೂಲ್ ಶಕ್ತಿ ಇರುತ್ತದೆ. ಜೂಲ್ ಎಂದರೆ ಕೈಗೆ ಸಿಗುವ ಅಳತೆಯಲ್ಲ. ಮೂಟೆಯಲ್ಲಿ ಹೇಳುವುದಾದರೆ, 50 ಕೆಜಿ ಅಕ್ಕಿ ಮೂಟೆಯನ್ನು ಹತ್ತು ಅಂತಸ್ತಿನ ಕಟ್ಟಡದ ತಾರಸಿಗೆ ಎತ್ತಿ ಇಟ್ಟಷ್ಟು. ಅದೇ ಚಕ್ರ 800 ಸುತ್ತಿನಲ್ಲಿದ್ದಾಗ ಒಳಗಿರುವುದು ಸುಮಾರು 275 ಜೂಲ್. ಅದೇ ಮೂಟೆಯನ್ನು ಮೊಣಕಾಲಿನ ಮಟ್ಟಕ್ಕೆ ಎತ್ತಿದಷ್ಟು, ಅಷ್ಟೇ.

ಈ ಎರಡು ಚಿತ್ರಗಳಲ್ಲಿ ಇಡೀ ವಿಷಯ ಅಡಗಿದೆ. ವೇಗ ಎರಡರಷ್ಟಾದರೆ ಕೂಡಿಟ್ಟ ಶಕ್ತಿ ನಾಲ್ಕರಷ್ಟಾಗುತ್ತದೆ. ಮೇಲಿನ ಸುತ್ತುಗಳಲ್ಲಿ ಫ್ಲೈವೀಲ್ ತುಂಬಿ ತುಳುಕುವ ಹಗೇವು. ಕೆಳಗಿನ ಸುತ್ತುಗಳಲ್ಲಿ ದಿನದ ಖರ್ಚಿಗೆ ಸಾಕಾಗುವ ಡಬ್ಬಿ. ಹಗುರ ಮಾಡಿದಾಗ ಮೇಲೆ ಉಳಿತಾಯ ಎನಿಸುತ್ತದೆ, ಏಕೆಂದರೆ ಹತ್ತು ಅಂತಸ್ತಿನ ಬದಲು ಐದಂತಸ್ತಿಗೆ ಎತ್ತಿದರೆ ಸಾಕು. ಕೆಳಗೆ ಮಾತ್ರ ಮೊದಲೇ ಚಿಕ್ಕದಾಗಿದ್ದ ಡಬ್ಬಿ ಅರ್ಧವಾಗಿರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನೂ ತೆಗೆದುಬಿಡಬಹುದು. ಫ್ಲೈವೀಲ್ ಶಕ್ತಿ ಹುಟ್ಟಿಸುವುದಿಲ್ಲ, ತಿನ್ನುವುದೂ ಇಲ್ಲ. ಎಂಜಿನ್ ಕೊಟ್ಟದ್ದನ್ನು ಇಟ್ಟುಕೊಂಡು ಕೇಳಿದಾಗ ಹಿಂದಿರುಗಿಸುತ್ತದೆ. ಹಗುರವಾದದ್ದನ್ನು ಹಾಕಿದ ಮಾತ್ರಕ್ಕೆ 150 ಅಶ್ವಶಕ್ತಿ 160 ಆಗುವುದಿಲ್ಲ. ಆದರೂ ಕೆಲವು ಡೈನೊ ವರದಿಗಳಲ್ಲಿ ಅಂಕಿ ಏರಿದಂತೆ ಕಾಣುತ್ತದೆ. ಡೈನೊ ಎಂದರೆ ಕಾರನ್ನು ಉರುಳೆಗಳ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ. ಅದರಲ್ಲಿ ಒಂದು ಬಗೆಯದು, ಭಾರವಾದ ಉರುಳೆ ಎಷ್ಟು ಬೇಗ ವೇಗ ಪಡೆಯುತ್ತದೆ ಎಂಬುದನ್ನು ನೋಡಿ ಶಕ್ತಿಯನ್ನು ಲೆಕ್ಕ ಹಾಕುತ್ತದೆ. ಎಂಜಿನ್ ಚುರುಕಾಗಿ ಏರಿದರೆ ಅದಕ್ಕೆ ಶಕ್ತಿ ಹೆಚ್ಚಿದಂತೆ ತೋರುತ್ತದೆ. ಒಂದೇ ವೇಗದಲ್ಲಿ ಹಿಡಿದು ನಿಲ್ಲಿಸಿ ಅಳೆಯುವ ಇನ್ನೊಂದು ಬಗೆಯ ಡೈನೊದಲ್ಲಿ ಆ ಹೆಚ್ಚಳ ಮಾಯ.

ಬಳೆ ಮತ್ತು ನಾಣ್ಯ

ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪ್ರಯೋಗವಿದೆ. ಹಲಗೆಯೊಂದನ್ನು ಸ್ವಲ್ಪ ಓರೆಯಾಗಿಸಿ, ಮೇಲಿನಿಂದ ಒಂದು ದಪ್ಪ ಬಳೆಯನ್ನೂ ಒಂದು ನಾಣ್ಯವನ್ನೂ ಒಟ್ಟಿಗೆ ಉರುಳಲು ಬಿಡಿ. ನಾಣ್ಯ ಮೊದಲು ಕೆಳಗೆ ಬರುತ್ತದೆ. ಬಳೆಯೇ ದೊಡ್ಡದಿರಲಿ, ನಾಣ್ಯವೇ ಭಾರವಿರಲಿ, ಫಲಿತಾಂಶ ಬದಲಾಗದು. ಬಳೆಯ ತೂಕವೆಲ್ಲ ಅಂಚಿನಲ್ಲಿದೆ; ನಾಣ್ಯದ ತೂಕ ನಡುವಿನಿಂದ ಅಂಚಿನವರೆಗೆ ಹಂಚಿಕೊಂಡಿದೆ. ನಡುವಿನಿಂದ ದೂರವಿರುವ ತೂಕವನ್ನು ತಿರುಗಿಸುವುದು ಕಷ್ಟ. ತಿರುಗಲು ಒಪ್ಪದ, ತಿರುಗಿದ ಮೇಲೆ ನಿಲ್ಲಲೂ ಒಪ್ಪದ ಈ ಹಟಕ್ಕೆ ಜಡತ್ವ ಎನ್ನುತ್ತಾರೆ. ಒಂದು ತುಣುಕು ಲೋಹ ನಡುವಿನಿಂದ ಎರಡರಷ್ಟು ದೂರಕ್ಕೆ ಹೋದರೆ ಅದರ ಹಟ ನಾಲ್ಕರಷ್ಟಾಗುತ್ತದೆ.

ಅಂಗಡಿಯವರು ಹೇಳುವುದು ತೂಕವನ್ನು ಮಾತ್ರ. “ಕಂಪನಿಯದು 8 ಕೆಜಿ, ನಮ್ಮದು 5 ಕೆಜಿ.” ಆದರೆ ಆ 3 ಕೆಜಿಯನ್ನು ಎಲ್ಲಿಂದ ತೆಗೆದಿದ್ದಾರೆ? ನಡುವೆ ತೂತು ಕೊರೆದಿದ್ದರೆ ತಕ್ಕಡಿಗೆ ಲಾಭ, ಎಂಜಿನ್ನಿಗೆ ಅಷ್ಟಕ್ಕಷ್ಟೆ. ಅಂಚಿನಿಂದ ತೆಗೆದಿದ್ದರೆ 5 ಕೆಜಿಯ ಚಕ್ರ 4 ಕೆಜಿಯದರಂತೆ ನಡೆದುಕೊಳ್ಳಬಹುದು. ಒಳ್ಳೆಯ ತಯಾರಕರು ಜಡತ್ವದ ಅಂಕಿಯನ್ನೂ ಕೊಡುತ್ತಾರೆ. ಕೊಡದಿದ್ದರೆ ಚಕ್ರವನ್ನು ಕೈಗೆತ್ತಿಕೊಂಡು ಹಿಂಬದಿಯನ್ನು ನೋಡಿ: ಹೊರ ಅಂಚು ತೆಳುವಾಗಿದ್ದು ನಡು ದಪ್ಪವಾಗಿದ್ದರೆ ಕೆಲಸ ಗೊತ್ತಿದ್ದವರು ಮಾಡಿದ್ದು.

ಇನ್ನೊಂದು ಸೂಕ್ಷ್ಮವನ್ನು ಗ್ಯಾರೇಜುಗಳಲ್ಲಿ ಯಾರೂ ಎತ್ತುವುದಿಲ್ಲ. ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ, ಫ್ಲೈವೀಲಿಗೇ ಕಚ್ಚಿಕೊಂಡ ಪ್ರೆಷರ್ ಪ್ಲೇಟ್ ಕೂಡ ಅದರ ಜೊತೆಗೇ ತಿರುಗುತ್ತದೆ. ಹಗುರ ಫ್ಲೈವೀಲಿಗೆ ದುಡ್ಡು ಸುರಿದು, ಅದರ ಮೇಲೆ ಭಾರದ ಹೆವಿ ಡ್ಯೂಟಿ ಪ್ರೆಷರ್ ಪ್ಲೇಟ್ ಕೂರಿಸಿದರೆ ಒಂದು ಕೈಯಲ್ಲಿ ತೆಗೆದದ್ದನ್ನು ಇನ್ನೊಂದು ಕೈಯಲ್ಲಿ ಹಾಕಿದಂತೆ.

ಒಂದನೇ ಗೇರಿನಲ್ಲಿ ಒಬ್ಬ ಇಳಿದಂತೆ, ಐದನೆಯದರಲ್ಲಿ ಅಕ್ಕಿ ಚೀಲ

ಲಾಭ ಎಲ್ಲಿದೆ? ಕಾರು ವೇಗ ಪಡೆಯುವಾಗ ಎಂಜಿನ್ ಎರಡು ಕೆಲಸ ಮಾಡುತ್ತದೆ: ಕಾರನ್ನು ಮುಂದೆ ತಳ್ಳುವುದು, ಜೊತೆಗೆ ತನ್ನದೇ ಚಕ್ರವನ್ನು ಹೆಚ್ಚು ಸುತ್ತಿಗೆ ಏರಿಸುವುದು. ಎರಡನೆಯ ಕೆಲಸ ತಗ್ಗಿದರೆ ಮೊದಲನೆಯದಕ್ಕೆ ಹೆಚ್ಚು ಉಳಿಯುತ್ತದೆ. ಎಷ್ಟು ಉಳಿಯುತ್ತದೆ ಎಂಬುದು ಗೇರಿನ ಮೇಲೆ ನಿಂತಿದೆ, ಏಕೆಂದರೆ ಒಂದನೇ ಗೇರಿನಲ್ಲಿ ಕಾರು ಸ್ವಲ್ಪ ವೇಗ ಪಡೆಯುವಷ್ಟರಲ್ಲಿ ಎಂಜಿನ್ ಬಹಳ ಸುತ್ತು ಏರಬೇಕಾಗುತ್ತದೆ.

ಮೇಲಿನ 8 ಕೆಜಿ ಚಕ್ರದ ಜಾಗದಲ್ಲಿ ಅದೇ ಆಕಾರದ 4 ಕೆಜಿಯದನ್ನು ಹಾಕಿದೆವು ಎನ್ನಿ. ಒಂದನೇ ಗೇರಿನಲ್ಲಿ ಎಂಜಿನ್ 13 ಸುತ್ತಿಗೆ ಗಾಲಿ 1 ಸುತ್ತು, ಗಾಲಿಯ ತ್ರಿಜ್ಯ 30 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಕಾರಿನಿಂದ ಸುಮಾರು 74 ಕೆಜಿ ಇಳಿಸಿದಷ್ಟು ಪರಿಣಾಮ. ಪಕ್ಕದ ಸೀಟಿನಲ್ಲಿದ್ದವರು ಬಾಗಿಲು ತೆರೆದು ಇಳಿದುಹೋದಂತೆ! ಎರಡನೆಯದರಲ್ಲಿ ಅದು 28 ಕೆಜಿಗೆ ಇಳಿಯುತ್ತದೆ. ಮೂರನೆಯದರಲ್ಲಿ 13. ಐದನೇ ಗೇರಿನಲ್ಲಿ ಬರೀ 5 ಕೆಜಿ, ಡಿಕ್ಕಿಯಿಂದ ಒಂದು ಅಕ್ಕಿ ಚೀಲ ಎತ್ತಿಟ್ಟಷ್ಟು. ಹೆದ್ದಾರಿಯಲ್ಲಿ ಐದನೇ ಗೇರಿನಲ್ಲಿ ಲಾರಿ ದಾಟುವವರಿಗೆ ಹಗುರ ಫ್ಲೈವೀಲಿನಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ ಎಂದು ಹೇಳಲು ಇದಕ್ಕಿಂತ ಸರಳ ದಾರಿ ನನಗೆ ಗೊತ್ತಿಲ್ಲ.

ಆದರೆ ಅದನ್ನು ಹಾಕಿಸಿಕೊಂಡವರು ಮೊದಲು ಹೊಗಳುವುದು ವೇಗವನ್ನಲ್ಲ, ಸ್ಪಂದನವನ್ನು. ಆಕ್ಸಿಲರೇಟರ್ ಮುಟ್ಟಿದರೆ ಸೂಜಿ ಜಿಗಿಯುತ್ತದೆ, ಬಿಟ್ಟರೆ ಬೀಳುತ್ತದೆ. ಮೇಲಿನ ಗೇರಿಗೆ ಹೋಗುವಾಗ ಎಂಜಿನ್ ಬೇಗ ಕೆಳಗಿಳಿದು ಹೊಂದಿಕೊಳ್ಳುತ್ತದೆ. ತಿರುವಿಗೆ ಮೊದಲು ಕೆಳಗಿನ ಗೇರಿಗೆ ಬರುವಾಗ ಬಲಪಾದದ ಬೆರಳಲ್ಲಿ ಬ್ರೇಕ್ ಒತ್ತಿ, ಹಿಮ್ಮಡಿಯಲ್ಲಿ ಆಕ್ಸಿಲರೇಟರ್ ಚುಚ್ಚಿ ಸುತ್ತು ಹೊಂದಿಸುವ ರೇಸಿನವರ ಚಳಕ ಸಲೀಸಾಗುತ್ತದೆ. ರ‍್ಯಾಲಿಯಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ಮಣ್ಣುದಾರಿಯಂಥ ಕಡೆ, ಎರಡು ಮತ್ತು ಮೂರನೇ ಗೇರಿನ ನಡುವೆಯೇ ದಿನ ಕಳೆಯುವವರಿಗೆ ಇದು ನಿಜವಾದ ಲಾಭ. ಸ್ಪರ್ಧೆಗೆ ಇಳಿಯುವವರು ತಮ್ಮ ವರ್ಗದ ನಿಯಮ ಪುಸ್ತಕವನ್ನು ಮೊದಲು ತೆರೆಯಬೇಕು. ಕಂಪನಿಯಿಂದ ಬಂದಂತೆಯೇ ಓಡಬೇಕಾದ ವರ್ಗಗಳಲ್ಲಿ ಫ್ಲೈವೀಲ್ ಮುಟ್ಟುವಂತಿಲ್ಲ.

ಈ ದಾರಿಯ ತುದಿಯಲ್ಲಿ ಫಾರ್ಮುಲಾ ಒನ್ ಕಾರುಗಳಿವೆ. ಅವುಗಳಲ್ಲಿ ಫ್ಲೈವೀಲ್ ಎಂದು ಕರೆಯುವಂಥದ್ದು ಇಲ್ಲವೆಂದೇ ಹೇಳಬೇಕು, ಕ್ಲಚ್ ಅಂಗೈಯಗಲ. ನಿಮ್ಮ ಕಾರು ಹೆದ್ದಾರಿಯಲ್ಲಿ ಜೋರಾಗಿ ಓಡುವಾಗಿನ ಸುತ್ತುಗಳಲ್ಲಿ ಅವು ಸುಮ್ಮನೆ ನಿಂತಿರುತ್ತವೆ. ರಸ್ತೆಯ ಕಾರುಗಳಲ್ಲಿ ಲೆಕ್ಸಸ್ ಎಲ್‌ಎಫ್‌ಎ ಐಡ್ಲಿಂಗ್‌ನಿಂದ 9,000 ಸುತ್ತಿಗೆ 0.6 ಸೆಕೆಂಡಿನಲ್ಲಿ ಏರುತ್ತದೆ. ಸೂಜಿಯ ಮೀಟರ್ ಆ ವೇಗಕ್ಕೆ ಸಾಟಿಯಾಗದು ಎಂದು ಕಂಪನಿ ಪರದೆಯ ಮೀಟರ್ ಇಟ್ಟಿತು. ಇನ್ನೊಂದು ತುದಿಯಲ್ಲಿ ಹಳೆಯ ಬುಲೆಟ್ ಮೋಟರ್‌ಸೈಕಲ್. ಒಂದೇ ಸಿಲಿಂಡರ್, ಎರಡು ಸುತ್ತಿಗೊಂದು ಗುದ್ದು, ಒಳಗೆ ಭಾರೀ ಚಕ್ರ. ಆ ಡುಗ್ ಡುಗ್ ಇಷ್ಟು ನಿಧಾನವಾಗಿಯೂ ನಿಲ್ಲದೆ ಸಾಗಲು ಆ ಚಕ್ರವೇ ಆಸರೆ.

ಸಿಗ್ನಲ್ಲಿನಲ್ಲಿ ಕಟ್ಟಬೇಕಾದ ಬೆಲೆ

ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಂಜೆ ಏಳು ಗಂಟೆ. ಮುಂದಿನ ಆಟೊ ಆರು ಅಡಿ ಸರಿಯಿತು, ನೀವೂ ಸರಿಯಬೇಕು. ಎಂಜಿನ್ನನ್ನು 1,500 ಸುತ್ತಿಗೆ ಏರಿಸಿ ಕ್ಲಚ್ ಬಿಡುತ್ತೀರಿ. ಆ ಕ್ಷಣದಲ್ಲಿ 8 ಕೆಜಿ ಚಕ್ರದಲ್ಲಿ ಸುಮಾರು 970 ಜೂಲ್ ಇರುತ್ತದೆ. 1,300 ಕೆಜಿ ಕಾರು ನಿಂತಲ್ಲಿಂದ ಗಂಟೆಗೆ 5 ಕಿಲೋಮೀಟರ್, ಅಂದರೆ ನಡಿಗೆಯ ವೇಗ, ತಲುಪಲು ಬೇಕಾದದ್ದು ಸುಮಾರು 1,250 ಜೂಲ್. ಕಾರನ್ನು ಅಲುಗಿಸುವ ಮೊದಲ ನೂಕಿಗೆ ಚಕ್ರದ ಜೇಬಿನಲ್ಲಿದ್ದದ್ದು ಎಷ್ಟು ದೊಡ್ಡ ಆಸರೆ ಎಂಬುದು ಇದರಲ್ಲಿ ಕಾಣುತ್ತದೆ. ಎಲ್ಲವೂ ಖರ್ಚಾಗುವುದಿಲ್ಲ ನಿಜ, ಖರ್ಚಾದರೆ ಎಂಜಿನ್ ನಿಂತುಬಿಡುತ್ತದೆ.

4 ಕೆಜಿ ಚಕ್ರದಲ್ಲಿ ಅಷ್ಟೇ ಶಕ್ತಿ ಕೂಡಬೇಕಾದರೆ ಎಂಜಿನ್ನನ್ನು ಸುಮಾರು 2,100 ಸುತ್ತಿಗೆ ಏರಿಸಬೇಕು. ಏರಿಸಿದಿರೋ, ಕ್ಲಚ್ ಹೆಚ್ಚು ಹೊತ್ತು ಜಾರುತ್ತದೆ, ಬಿಸಿಯಾಗುತ್ತದೆ. ಏರಿಸದಿದ್ದರೆ ಕಾರು ಒಮ್ಮೆ ಬಿಕ್ಕಳಿಸಿ ಆಫ್ ಆಗುತ್ತದೆ, ಹಿಂದಿನವರ ಹಾರ್ನ್ ಶುರುವಾಗುತ್ತದೆ. ಎರಡು ವಾರದಲ್ಲಿ ಕಾಲು ಕಲಿತುಕೊಳ್ಳುತ್ತದೆ ಎನ್ನುವವರಿದ್ದಾರೆ, ಅದು ಸುಳ್ಳಲ್ಲ. ಆದರೆ ಮನೆಯ ಇನ್ನೊಬ್ಬರು ಅದೇ ಕಾರನ್ನು ತಿಂಗಳಿಗೊಮ್ಮೆ ಓಡಿಸುವುದಾದರೆ ಅವರ ಕಾಲಿಗೆ ಆ ಎರಡು ವಾರ ಸಿಗುವುದಿಲ್ಲ.

ಐಡ್ಲಿಂಗ್ ಕೂಡ ಬದಲಾಗುತ್ತದೆ. ತಿರುಗುವ ಜಡತ್ವ ಅರ್ಧವಾದರೆ ಒಂದು ಗುದ್ದಿಗೂ ಇನ್ನೊಂದಕ್ಕೂ ನಡುವೆ ವೇಗದ ಏರಿಳಿತ ಎರಡರಷ್ಟಾಗುತ್ತದೆ. ಕ್ರ್ಯಾಂಕ್‌ಶಾಫ್ಟ್ ತಾನೂ ಭಾರವಾಗಿರುವುದರಿಂದ ಒಟ್ಟು ಜಡತ್ವ ಅಷ್ಟು ಇಳಿಯುವುದಿಲ್ಲ. ಆದರೂ ಸ್ಟೀರಿಂಗ್ ಹಿಡಿದ ಕೈಗೆ ವ್ಯತ್ಯಾಸ ತಿಳಿಯುತ್ತದೆ. ಏಸಿ ಕಂಪ್ರೆಸರ್ ಚಾಲೂ ಆದ ಗಳಿಗೆಯಲ್ಲಿ ಎಂಜಿನ್ ಒಮ್ಮೆ ಕುಸಿದು ಮೇಲೇಳುವುದು ಹೆಚ್ಚು ಎದ್ದು ಕಾಣುತ್ತದೆ.

ಹೊಸ ಕಾರುಗಳಲ್ಲಿ ಇನ್ನೊಂದು ತಂಟೆ. ಎಂಜಿನ್ನಿನ ಗಣಕ, ಎಲ್ಲರೂ ಇಸಿಯು ಎನ್ನುವ ಡಬ್ಬಿ, ಕ್ರ್ಯಾಂಕ್ ಸುತ್ತುವ ವೇಗದ ಸಣ್ಣ ಸಣ್ಣ ಏರಿಳಿತಗಳನ್ನು ಗಮನಿಸುತ್ತಿರುತ್ತದೆ. ಒಂದು ಸಿಲಿಂಡರಿನಲ್ಲಿ ಇಂಧನ ಹೊತ್ತದೆ ತಪ್ಪಿದರೆ ವೇಗ ಒಂದು ಕ್ಷಣ ಕುಸಿಯುತ್ತದೆ. ಅದನ್ನು ಮಿಸ್‌ಫೈರ್ ಎಂದು ಬರೆದಿಟ್ಟುಕೊಂಡು ಚೆಕ್ ಎಂಜಿನ್ ದೀಪ ಹೊತ್ತಿಸುತ್ತದೆ. ಹಗುರ ಚಕ್ರ ಹಾಕಿದಾಗ ಆರೋಗ್ಯವಂತ ಎಂಜಿನ್ನಿನ ಏರಿಳಿತವೂ ಹೆಚ್ಚುವುದರಿಂದ ಗಣಕ ಮೋಸಹೋಗಬಹುದು. ಪಿ0300 ಸಾಲಿನ ಸಂಕೇತ ಬಂದಿದೆ, ಸ್ಪಾರ್ಕ್ ಪ್ಲಗ್ ಬದಲಿಸಿದರೂ ಹೋಗುತ್ತಿಲ್ಲ ಎಂದು ಅಲೆದಾಡುವವರು ಈ ಕಾರಣವನ್ನೂ ನೆನೆಯಬೇಕು.

ಘಾಟಿ ರಸ್ತೆಯ ಏರಿನಲ್ಲಿ ವಾಹನಗಳ ಸಾಲು ನಿಂತು ನಿಂತು ಸಾಗುವಾಗ ಬಿಸಿಯ ಲೆಕ್ಕ ಬರುತ್ತದೆ. ಕ್ಲಚ್ಚಿನ ಬಿಸಿಯನ್ನು ನುಂಗುವುದು ಫ್ಲೈವೀಲಿನ ಲೋಹ ಎಂದೆನಲ್ಲ? ಲೋಹ ಕಡಿಮೆಯಾದರೆ ಅದೇ ಬಿಸಿಗೆ ಹೆಚ್ಚು ಕಾಯುತ್ತದೆ. ತೆಳು ಬಾಣಲೆಗೂ ದಪ್ಪ ಕಾವಲಿಗೂ ಇರುವ ವ್ಯತ್ಯಾಸವೇ ಇದು. ಶಿರಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಬಿದ್ದು ಅರ್ಧ ಕ್ಲಚ್ಚಿನಲ್ಲಿ ತೆವಳಿದವರಿಗೆ ಆ ಸುಟ್ಟ ವಾಸನೆಯ ಪರಿಚಯವಿರುತ್ತದೆ.

ಎರಡು ತುಂಡಿನ ಚಕ್ರ: ಗೆಳೆಯನ ಕಾರಿನ ನಿಜವಾದ ಸಮಸ್ಯೆ

ಗೆಳೆಯನ ಆಕ್ಟೇವಿಯಾದಲ್ಲಿ ಲಟಕ್ಕೆಂದದ್ದು ಏನು? ಅದರಲ್ಲಿದ್ದದ್ದು ಒಂದೇ ತುಂಡಿನ ಚಕ್ರವಲ್ಲ, ಡ್ಯುಯಲ್ ಮಾಸ್ ಫ್ಲೈವೀಲ್. ಜರ್ಮನಿಯ ಲೂಕ್ ಕಂಪನಿ 1980ರ ದಶಕದಲ್ಲಿ ಕಾರುಗಳಿಗೆ ತಂದ ಬಗೆ ಇದು. ಒಂದು ಚಕ್ರ ಎಂಜಿನ್ನಿಗೆ, ಇನ್ನೊಂದು ಕ್ಲಚ್ಚಿಗೆ. ನಡುವೆ ಗ್ರೀಸಿನಲ್ಲಿ ಮುಳುಗಿದ, ಬಿಲ್ಲಿನಂತೆ ಬಾಗಿದ ಉದ್ದನೆಯ ಸ್ಪ್ರಿಂಗುಗಳು. ಎಂಜಿನ್ನಿನ ಗುದ್ದುಗಳನ್ನು ಸ್ಪ್ರಿಂಗುಗಳು ಹೀರಿಕೊಂಡು ಗೇರ್‌ಬಾಕ್ಸಿಗೆ ಸಮನಾದ ತಿರುಗುವಿಕೆಯನ್ನಷ್ಟೇ ಬಿಡುತ್ತವೆ. ಎತ್ತಿನ ಗಾಡಿಗೂ ಸ್ಪ್ರಿಂಗ್ ಹಾಕಿದ ಕುದುರೆ ಸಾರೋಟಿಗೂ ಇರುವಷ್ಟು ಅಂತರ. ಆದರೆ ವರ್ಷಗಳು ಕಳೆದಂತೆ ಸ್ಪ್ರಿಂಗು ಸೋಲುತ್ತದೆ, ಗ್ರೀಸ್ ಒಣಗುತ್ತದೆ, ಎರಡು ಚಕ್ರಗಳ ನಡುವೆ ಸಡಿಲ ಹುಟ್ಟುತ್ತದೆ. ಮೆಕ್ಯಾನಿಕ್ ಕೈಯಲ್ಲಿ ಕೇಳಿಸಿದ್ದು ಆ ಸಡಿಲ. ಲೇತಿನಲ್ಲಿ ಮುಖ ನಯಗೊಳಿಸಿ ಮತ್ತೆ ಬಳಸುವ ಜಾತಿಯಲ್ಲ ಇದು. ಹೊಸದಕ್ಕೆ ಬೆಲೆಯೂ ಜಾಸ್ತಿ.

ಹಾಗಾಗಿ ಈ ಕಾರುಗಳ ಒಡೆಯರು ಒಂದೇ ತುಂಡಿನ ಚಕ್ರಕ್ಕೆ ಹೊರಳುವುದುಂಟು. ಈ 1.8 ಟರ್ಬೊ ಎಂಜಿನ್ನಿಗಂತೂ ಜಗತ್ತಿನಾದ್ಯಂತ ಹೆಸರಾದ ಒಂದು ಜೋಡಿ ಇದೆ: ಫೋಕ್ಸ್‌ವ್ಯಾಗನ್ನಿನದೇ ಹಳೆಯ ಕೊರಾಡೊ ಜಿ60 ಕಾರಿನ ಒಂಟಿ ಫ್ಲೈವೀಲ್, ಜೊತೆಗೆ ವಿಆರ್6 ಎಂಜಿನ್ನಿನ 228 ಮಿಲಿಮೀಟರ್ ಕ್ಲಚ್. ಎರಡೂ ಒಂದೇ ಬಳಗದ ಕಾರ್ಖಾನೆ ಭಾಗಗಳು. ಬೋಲ್ಟಿನ ತೂತುಗಳು ಕೂಡುತ್ತವೆ. ಮಾರುಕಟ್ಟೆಯ ಹಗುರ ಉಕ್ಕಿನ ಚಕ್ರಗಳಲ್ಲಿ ಅನೇಕವು ಇದೇ ಅಳತೆಯ ಮೇಲೆ ತಯಾರಾಗುತ್ತವೆ.

ಸ್ಪ್ರಿಂಗುಗಳು ಹೋದ ಮೇಲೆ ಅವುಗಳ ಕೆಲಸವನ್ನು ಯಾರು ಮಾಡಬೇಕು? ಕ್ಲಚ್ ಪ್ಲೇಟಿನ ನಡುವೆಯೇ ಪುಟ್ಟ ಸ್ಪ್ರಿಂಗುಗಳಿರುವ ಪ್ಲೇಟ್ ಹಾಕಬೇಕು. ಡ್ಯುಯಲ್ ಮಾಸ್ ಇದ್ದಾಗ ಕಂಪನಿಯ ಪ್ಲೇಟಿನಲ್ಲಿ ಸಾಮಾನ್ಯವಾಗಿ ಅವು ಇರುವುದಿಲ್ಲ. ಹಳೆಯ ಪ್ಲೇಟನ್ನೋ, ರೇಸಿನ ಗಟ್ಟಿ ಪ್ಲೇಟನ್ನೋ ಒಂಟಿ ಚಕ್ರದ ಮೇಲೆ ಕೂರಿಸಿದರೆ ಗುದ್ದುಗಳೆಲ್ಲ ನೇರ ಗೇರ್‌ಬಾಕ್ಸಿಗೆ. ಸರಿಯಾದ ಪ್ಲೇಟ್ ಹಾಕಿದರೂ ಆ ಪುಟ್ಟ ಸ್ಪ್ರಿಂಗುಗಳು ಬಿಲ್ಲಿನ ಸ್ಪ್ರಿಂಗಿನಷ್ಟು ಹೀರಲಾರವು. ಆಗ ಬರುವುದೇ ಪ್ರಸಿದ್ಧವಾದ ಗಲಗಲ ಸದ್ದು, ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ. ನ್ಯೂಟ್ರಲ್‌ನಲ್ಲಿ ಹೊರೆಯಿಲ್ಲದೆ ಸುತ್ತುವ ಗೇರುಗಳು ತಮ್ಮ ಹಲ್ಲುಗಳ ನಡುವಿನ ಕೂದಲೆಳೆಯಷ್ಟು ಸಡಿಲದಲ್ಲಿ ಹಿಂದೆ ಮುಂದೆ ಬಡಿದುಕೊಳ್ಳುವ ಸದ್ದು ಅದು. ಕಡಿಮೆ ಸುತ್ತಿನಲ್ಲೇ ಭಾರೀ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುವ ಡೀಸೆಲ್ ಎಂಜಿನ್ನುಗಳಲ್ಲಿ ಈ ಗುದ್ದು ಇನ್ನೂ ಒರಟು. ಅಲ್ಲಿ ಡ್ಯುಯಲ್ ಮಾಸ್ ತೆಗೆಯುವ ಮಾತನ್ನು ನಾನಾದರೆ ಎತ್ತುವುದಿಲ್ಲ.

ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ

ಕಂಪನಿಯ ಒಂಟಿ ಫ್ಲೈವೀಲುಗಳಲ್ಲಿ ಬಹುಪಾಲು ಎರಕದ ಕಬ್ಬಿಣ. ಅಗ್ಗ, ಬಿಸಿ ತಡೆಯುತ್ತದೆ, ಕ್ಲಚ್ಚಿಗೆ ಒಳ್ಳೆಯ ಮುಖ ಕೊಡುತ್ತದೆ. ಹಗುರ ಮಾಡಲು ಅತಿ ಅಗ್ಗದ ದಾರಿ ಎಂದರೆ ಅದನ್ನೇ ಲೇತಿಗೆ ಕೊಟ್ಟು ತೆಳುಮಾಡಿಸುವುದು. ಇಲ್ಲಿ ಮಾತ್ರ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. 28 ಸೆಂಟಿಮೀಟರಿನ ಚಕ್ರ 7,000 ಸುತ್ತಿನಲ್ಲಿದ್ದಾಗ ಅದರ ಅಂಚು ಗಂಟೆಗೆ ಸುಮಾರು 370 ಕಿಲೋಮೀಟರ್ ವೇಗದಲ್ಲಿರುತ್ತದೆ, ಪ್ರಯಾಣಿಕ ವಿಮಾನ ನೆಲ ಬಿಡುವ ವೇಗಕ್ಕಿಂತ ಹೆಚ್ಚು. ಎರಕದ ಕಬ್ಬಿಣ ಅದುಮಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ತಿರುಗುವ ಚಕ್ರ ತನ್ನನ್ನು ತಾನೇ ಹೊರಕ್ಕೆ ಎಳೆಯುತ್ತಿರುತ್ತದೆ. ಕ್ಲಚ್ಚಿನ ಬಿಸಿಯಿಂದ ಬಂದ ಸಣ್ಣ ಬಿರುಕೊಂದು ಅಲ್ಲಿದ್ದರೆ ಮುಂದಿನದನ್ನು ಹೇಳುವುದು ಬೇಡ. ಒಡೆದ ಫ್ಲೈವೀಲಿನ ಚೂರು ಗೇರ್‌ಬಾಕ್ಸಿನ ಹೊದಿಕೆಯನ್ನು ಸೀಳಿ ಬರುವ ಜಾಗ ಚಾಲಕನ ಪಾದಗಳ ಬಳಿ. ಅಮೆರಿಕದ ಡ್ರ್ಯಾಗ್ ರೇಸಿನಲ್ಲಿ ಇಂಥದ್ದನ್ನು ಕಂಡೇ ಫ್ಲೈವೀಲ್ ಮತ್ತು ಕ್ಲಚ್ಚಿಗೆ ಎಸ್‌ಎಫ್‌ಐ 1.1 ಎಂಬ ಸುರಕ್ಷತಾ ಮಾನದಂಡ ಬಂದದ್ದು. ಕೊಳ್ಳುವ ಚಕ್ರದ ಮೇಲೆ ಆ ಗುರುತು ಇದ್ದರೆ ಒಂದು ಚಿಂತೆ ಕಡಿಮೆ.

ಉಕ್ಕಿನ ಇಡೀ ಗಟ್ಟಿಯಿಂದ ಕಡೆದು ತೆಗೆದ ಚಕ್ರ ರಸ್ತೆಯಲ್ಲಿ ಓಡುವ ಕಾರಿಗೆ ನನ್ನ ಮಟ್ಟಿಗೆ ಮೊದಲ ಆಯ್ಕೆ. ಎಳೆತ ತಡೆಯುತ್ತದೆ, ಮುಖ ಸವೆದರೆ ನಯಗೊಳಿಸಬಹುದು, ತೂಕ ನಡುಮಟ್ಟದಲ್ಲಿ ನಿಲ್ಲುತ್ತದೆ. ಅಲ್ಯೂಮಿನಿಯಂ ಇನ್ನೂ ಹಗುರ; ಅದರ ಸಾಂದ್ರತೆ ಉಕ್ಕಿನ ಮೂರರಲ್ಲಿ ಒಂದರಷ್ಟು. ಆದರೆ ಅದರ ಮುಖ ಕ್ಲಚ್ಚಿನ ಉಜ್ಜಾಟವನ್ನು ತಾಳದು, ಆದ್ದರಿಂದ ಮೇಲೆ ತೆಳುವಾದ ಉಕ್ಕಿನ ತಟ್ಟೆಯೊಂದನ್ನು ಕೂರಿಸಿರುತ್ತಾರೆ. ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ತಟ್ಟೆಯೂ ಚಕ್ರವೂ ಬೇರೆ ಬೇರೆ ಗತಿಯಲ್ಲಿ ಹಿಗ್ಗಿ ಕುಗ್ಗಿ, ಅಗ್ಗದ ಮಾಲಿನಲ್ಲಿ ತಟ್ಟೆ ಸೊಟ್ಟಗಾಗುವುದುಂಟು. ಸವೆದ ತಟ್ಟೆಯನ್ನು ಮಾತ್ರ ಬದಲಿಸಬಹುದು ಎಂಬುದು ಅದರ ಪರವಾದ ಮಾತು. ಟ್ರ್ಯಾಕಿಗೆ ಮೀಸಲಾದ ಕಾರಿಗೆ ಅದು ಸರಿ.

ಕೂರುತ್ತದೆಯೇ ಎಂದು ನೋಡುವುದು

ಒಂದೇ ಕಾರು, ಒಂದೇ ಹೆಸರು, ಒಳಗಿನ ಚಕ್ರ ಬೇರೆ. ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನಲ್ಲಿ 1.6 ಲೀಟರ್ ಎಂಜಿನ್ನಿಗೆ 200 ಮಿಲಿಮೀಟರ್ ಕ್ಲಚ್, 1.8ಕ್ಕೆ 215. ಚಕ್ರ ಬದಲಿಸಿದರೆ ಕ್ಲಚ್ಚನ್ನೂ ಅದರ ಅಳತೆಗೆ ತರಬೇಕು.

ಇದಕ್ಕಿಂತ ಮೋಸದ್ದು ಸಮತೋಲದ ವಿಷಯ. ಬಹಳಷ್ಟು ಎಂಜಿನ್ನುಗಳಲ್ಲಿ ಫ್ಲೈವೀಲ್ ತನ್ನಷ್ಟಕ್ಕೆ ಸಮತೂಕವಾಗಿರುತ್ತದೆ. ಕೆಲವು ಎಂಜಿನ್ನುಗಳು ಕ್ರ್ಯಾಂಕಿನ ಏರುಪೇರನ್ನು ಸರಿದೂಗಿಸಲು ಫ್ಲೈವೀಲಿನಲ್ಲೇ ಬೇಕೆಂದು ಒಂದು ಪಕ್ಕ ಭಾರ ಇಡುತ್ತವೆ. ಫೋರ್ಡ್ ಮಸ್ಟಾಂಗಿನ 5 ಲೀಟರ್ ವಿ8 ಇದಕ್ಕೆ ಹೆಸರುವಾಸಿ: ಹಳೆಯವುಗಳಲ್ಲಿ 28 ಔನ್ಸ್-ಇಂಚಿನ (ಒಂದು ಪಕ್ಕದ ಭಾರವನ್ನು ಅಳೆಯುವ ಮಾನ) ವಾರೆ, 1980ರ ದಶಕದ ಆರಂಭದಿಂದ 50. ಒಂದರ ಚಕ್ರ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ, ಸ್ಟಾರ್ಟ್ ಮಾಡಿದ ಮೇಲೆ ಕಾರು ನಡುಗುತ್ತದೆ. ಮಾಜ್ದಾ ಆರ್‌ಎಕ್ಸ್-7ರ ರೋಟರಿ ಎಂಜಿನ್ನಿನಲ್ಲಿಯೂ ಕಂಪನಿಯ ಫ್ಲೈವೀಲಿನಲ್ಲೇ ಪ್ರತಿತೂಕ ಸೇರಿರುತ್ತದೆ. ಹಗುರದ್ದನ್ನು ಹಾಕುವವರು ಆಟೊಮ್ಯಾಟಿಕ್ ಮಾದರಿಯ ಬಿಡಿ ಪ್ರತಿತೂಕವನ್ನು ಜೊತೆಗೆ ಕೊಳ್ಳಬೇಕು.

ಇನ್ನು ಹಲ್ಲುಗಳು. ಹಲವು ರೆನೋ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ಎಲ್ಲಿದೆ ಎಂದು ಇಸಿಯುಗೆ ಹೇಳುವ ಸಂವೇದಕ ಓದುವುದು ಫ್ಲೈವೀಲಿನ ಅಂಚಿನ ವಿಶೇಷ ಹಲ್ಲುಗಳನ್ನು. ಬದಲಿ ಚಕ್ರದಲ್ಲಿ ಅವು ಇಲ್ಲದಿದ್ದರೆ ಕಾರು ಸ್ಟಾರ್ಟ್ ಆಗುವುದಿಲ್ಲ. ನಮ್ಮ 1.8 ಟರ್ಬೊದಲ್ಲಿ ಸಂವೇದಕ ಓದುವ ಹಲ್ಲಿನ ಬಳೆ ಎಂಜಿನ್ನಿನ ಒಳಗೆ ಕ್ರ್ಯಾಂಕಿನ ಮೇಲೆಯೇ ಇದೆ, ಆ ಭಯವಿಲ್ಲ. ಆದರೆ ಬೋಲ್ಟುಗಳು ಬೇರೆ: ದಪ್ಪನೆಯ ಡ್ಯುಯಲ್ ಮಾಸ್‌ಗೆ ಉದ್ದ, ಒಂಟಿ ಚಕ್ರಕ್ಕೆ ಗಿಡ್ಡ. ಬಿಗಿಮಾಡಿದಾಗ ಹಿಗ್ಗಿ ಕಚ್ಚಿಕೊಳ್ಳುವ ಬೋಲ್ಟುಗಳಿವು, ಒಮ್ಮೆ ಬಿಚ್ಚಿದರೆ ಮತ್ತೆ ಬಳಸುವಂತಿಲ್ಲ. ಟಾರ್ಕ್ ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿಮಾಡುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಗೇರ್‌ಬಾಕ್ಸ್ ಇಳಿದಿರುವಾಗಲೇ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲನ್ನೂ ಕ್ಲಚ್ ರಿಲೀಸ್ ಬೇರಿಂಗನ್ನೂ ನೋಡಿಸಿ. ಒಂದು ಸೀಲಿಗಾಗಿ ಇನ್ನೊಮ್ಮೆ ಇಷ್ಟೆಲ್ಲ ಬಿಚ್ಚಿಸುವ ಸಂಕಟ ಯಾರಿಗೂ ಬೇಡ.

ಗೆಳೆಯ ಕೊನೆಗೆ ಆರಿಸಿದ್ದು ಅತಿ ಹಗುರದ್ದನ್ನಲ್ಲ. ಒಂದೇ ತುಂಡಿನ ಉಕ್ಕಿನ ಚಕ್ರ, ಅಂಚು ತೆಳು, ನಡು ದಪ್ಪ. ಮೇಲೆ ಸ್ಪ್ರಿಂಗ್ ಇರುವ ಪ್ಲೇಟಿನ 228ರ ಕ್ಲಚ್. ಮೂರನೆಯ ದಿನ ಸಂಜೆ ಕಾರು ನೆಲಕ್ಕಿಳಿಯಿತು. ಕೀ ತಿರುಗಿಸಿದಾಗ ಗೇರ್‌ಬಾಕ್ಸಿನ ಕಡೆಯಿಂದ ಸಣ್ಣಗೆ ಗಲಗಲ ಕೇಳಿಸಿತು. ಅವನ ಮುಖ ಬಾಡಿತು. ಮೆಕ್ಯಾನಿಕ್ ಕಿಟಕಿಗೆ ಬಗ್ಗಿ, “ಕ್ಲಚ್ ಒತ್ತಿ ಸಾರ್” ಎಂದರು. ಒತ್ತಿದ. ಸದ್ದು ನಿಂತಿತು. ಬಿಟ್ಟ. ಮತ್ತೆ ಗಲಗಲ. “ಅದು ಗೇರಿನ ಹಲ್ಲು ಮಾತಾಡುವುದು, ಬೇರಿಂಗ್ ಅಲ್ಲ” ಎಂದು ಹೇಳಿ ಅವರು ಕೈ ಒರೆಸಿಕೊಳ್ಳಲು ಹೊರಟರು. ಗೆಳೆಯ ಇನ್ನೂ ಎರಡು ಸಲ ಒತ್ತಿ ಬಿಟ್ಟು ಕೇಳಿದ. ಆಮೇಲೆ ಒಂದನೇ ಗೇರಿಗೆ ಹಾಕಿ, ಅಭ್ಯಾಸಬಲದಿಂದ ಹಳೆಯ 1,500ಕ್ಕೇ ಕ್ಲಚ್ ಬಿಟ್ಟ. ಕಾರು ಗೇಟಿನ ಬಳಿಯೇ ಆಫ್ ಆಯಿತು.